ಸತು ಒಳಗೆ ಬಂತಾ?

ಆ ದಿನ ನಾನು ಬೇರುಗಳನ್ನು ಸರಿಯಾಗಿ ತೊಳೆಯಲಿಲ್ಲ.

ಪಿಎಚ್‌ಡಿಯ ಎರಡನೇ ವರ್ಷ ಅದು. ಗೋಧಿಯ ಎರಡು ತಳಿಗಳನ್ನು ಮಣ್ಣಿಲ್ಲದೆ, ಪೋಷಕ ದ್ರಾವಣದಲ್ಲಿ ಬೆಳೆಸುತ್ತಿದ್ದೆ. ಒಂದು ತಳಿ ಸತು ಕಡಿಮೆ ಇರುವ ಮಣ್ಣಿನಲ್ಲೂ ತಕ್ಕಮಟ್ಟಿಗೆ ಬೆಳೆಯುತ್ತದೆ. ಇನ್ನೊಂದು ಅಂಥ ಕಡೆ ಸೊರಗಿಬಿಡುತ್ತದೆ. ಗಟ್ಟಿ ತಳಿ, ಸೊರಗು ತಳಿ ಅಂತ ನಾನೇ ಹೆಸರಿಟ್ಟುಕೊಂಡಿದ್ದೆ. ಗಟ್ಟಿ ತಳಿಯ ಬೇರು ಜಾಸ್ತಿ ಸತು ಎಳೆದುಕೊಳ್ಳುತ್ತದೆಯಾ ಅಂತ ನೋಡುವುದು ನನ್ನ ಕೆಲಸ.

ಅದಕ್ಕೆ ಸತು-65 ಬಳಸುತ್ತಿದ್ದೆವು. ವಿಕಿರಣ ಸೂಸುವ ಸತು ಅದು, ಅರ್ಧಾಯುಷ್ಯ 244 ದಿನ. ಗಿಡ ಇದನ್ನೂ ಮಾಮೂಲಿ ಸತುವಿನ ಹಾಗೆಯೇ ತೆಗೆದುಕೊಳ್ಳುತ್ತದೆ. ನಮ್ಮ ಎಣಿಕೆ ಯಂತ್ರ ಮಾತ್ರ ಇದನ್ನು ಗುರುತು ಹಿಡಿಯುತ್ತದೆ. ಸಸಿಯ ಬೇರನ್ನು ಇಪ್ಪತ್ತು ನಿಮಿಷ ಆ ದ್ರಾವಣದಲ್ಲಿ ಅದ್ದಬೇಕು. ಆಮೇಲೆ ಮಂಜುಗಡ್ಡೆಯಷ್ಟು ತಣ್ಣಗಿರುವ ಇನ್ನೊಂದು ದ್ರಾವಣದಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಅದರಲ್ಲಿ ಕ್ಯಾಲ್ಸಿಯಂ ಜೊತೆಗೆ ಮಾಮೂಲಿ ಸತು ಧಾರಾಳವಾಗಿ ಇರುತ್ತದೆ. ಆಮೇಲೆ ಬೇರು ಕತ್ತರಿಸಿ ಎಣಿಕೆಗೆ ಇಡುವುದು. ಆ ದಿನ ಸಸಿಗಳು ಬಹಳ ಇದ್ದವು, ಹೊತ್ತು ಮೀರುತ್ತಿತ್ತು. ತೊಳೆಯುವ ಹಂತ ಬಿಟ್ಟು, ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ಅದ್ದಿ ತೆಗೆದೆ. ಸಾಕು ಅನ್ನಿಸಿತ್ತು.

ಫಲಿತಾಂಶ ನೋಡಿ ಕುಣಿಯುವಂತಾಯಿತು. ಸೊರಗು ತಳಿಯ ಬೇರಿನಲ್ಲೇ ಸತು ಜಾಸ್ತಿ! ಎಲ್ಲರೂ ಅಂದುಕೊಂಡಿದ್ದಕ್ಕೆ ತದ್ವಿರುದ್ಧ. ಹಾಳೆ ಹಿಡಿದು ಗೈಡ್ ಮೇಡಂ ಹತ್ತಿರ ಓಡಿದೆ. ಅವರು ಅಂಕಿಗಳನ್ನು ಒಂದು ನಿಮಿಷ ನೋಡಿದರು. "ಬೇರಿನಲ್ಲಿ ಸತು ಇದೆ, ಸರಿ. ಒಳಗೆ ಬಂತಾ ಅಮ್ಮಾ?" ಅಂತ ಕೇಳಿದರು.

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೇರಿನಲ್ಲಿ ಇದೆ ಅಂದ ಮೇಲೆ ಒಳಗೆ ಬಂದಿದೆ ಅಂತಲೇ ಅಲ್ವಾ?

ಮೇಡಂ ಒಂದು ಸಣ್ಣ ಪ್ರಯೋಗ ಹೇಳಿಕೊಟ್ಟರು. ಕೆಲವು ಬೇರುಗಳನ್ನು ಮೊದಲೇ ಸಾಯಿಸಿ, ಆಮೇಲೆ ಅದೇ ದ್ರಾವಣದಲ್ಲಿ ಅದ್ದಿ ನೋಡು ಅಂದರು. ನೋಡಿದೆ. ಸತ್ತ ಬೇರಿನಲ್ಲೂ ಸತು-65 ಧಾರಾಳವಾಗಿ ಇತ್ತು. ಜೀವ ಇಲ್ಲದ ಬೇರು ಏನನ್ನೂ ಹೀರಿಕೊಳ್ಳುವುದಿಲ್ಲ. ಹಾಗಿದ್ದ ಮೇಲೆ ನಾನು ಅಳೆದದ್ದು ಏನು?

ಗೋಡೆಯನ್ನು ಅಳೆದಿದ್ದೆ. ಬೇರಿನ ಪ್ರತಿ ಜೀವಕೋಶದ ಹೊರಗೆ ಒಂದು ಗೋಡೆ ಇದೆ. ಆ ಗೋಡೆಯಲ್ಲಿರುವ ಪೆಕ್ಟಿನ್ ಋಣ ವಿದ್ಯುದಂಶ ಹೊತ್ತಿರುತ್ತದೆ. ಸತು ನೀರಿನಲ್ಲಿ ಎರಡು ಧನ ಅಂಶ ಹೊತ್ತ ಅಯಾನು. ಹೋಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಬರೀ ನೀರಿನಲ್ಲಿ ಅದ್ದಿದರೆ ಅದು ಬಿಡುವುದಿಲ್ಲ. ಕ್ಯಾಲ್ಸಿಯಂ, ಮಾಮೂಲಿ ಸತು ಬಂದು ಜಾಗ ಕಿತ್ತುಕೊಂಡರೆ ಮಾತ್ರ ಬಿಡುತ್ತದೆ. ಮಂಜಿನಂತೆ ತಣ್ಣಗಿದ್ದರೆ ಆ ಹೊತ್ತಿನಲ್ಲಿ ಜೀವಕೋಶದ ಒಳಗಿನ ಸತು ಆಚೀಚೆ ಹೋಗುವುದೂ ನಿಧಾನವಾಗುತ್ತದೆ. ಸೊರಗು ತಳಿಗೆ ಸಣ್ಣ ಸಣ್ಣ ಕವಲುಬೇರು ಜಾಸ್ತಿ ಇತ್ತು. ಅಂಟಿಕೊಳ್ಳಲು ಗೋಡೆಯೂ ಜಾಸ್ತಿ ಸಿಕ್ಕಿತ್ತು, ಅಷ್ಟೇ.

ಮೂರು ವಾರದ ಕೆಲಸ ಹೋಯಿತು. ಆದರೆ "ಒಳಗೆ ಬಂತಾ" ಅನ್ನುವ ಆ ಮಾತು ಅಲ್ಲಿಂದ ನನ್ನನ್ನು ಬಿಟ್ಟಿಲ್ಲ. ಮಣ್ಣಿನಿಂದ ಕಾಳಿನವರೆಗೆ ಸತುವಿನ ದಾರಿಯಲ್ಲಿ ಯಾವ ಕಡೆ ನಿಂತು ನೋಡಿದರೂ ಅದೇ ಪ್ರಶ್ನೆ ಮತ್ತೆ ಕೇಳಬೇಕಾಗುತ್ತದೆ. ಪ್ರತಿ ಸಲವೂ "ಒಳಗೆ" ಅನ್ನುವುದು ಇನ್ನೊಂದು ಬಾಗಿಲಾಚೆ ಇರುತ್ತದೆ.

ಮಣ್ಣಿನಿಂದಲೇ ಶುರು ಮಾಡುತ್ತೇನೆ. ಬಹುಪಾಲು ಮಣ್ಣಿನಲ್ಲಿ ಸತುವಿಗೆ ಬರ ಇಲ್ಲ. ಒಂದು ಕಿಲೋ ಮಣ್ಣಿನಲ್ಲಿ ಒಟ್ಟು ಸತು ಸಾಮಾನ್ಯವಾಗಿ ಹತ್ತಾರು ಮಿಲಿಗ್ರಾಂ ಇರುತ್ತದೆ. ಆದರೆ ಡಿಟಿಪಿಎ ಅನ್ನುವ ರಾಸಾಯನಿಕ ಹಾಕಿ ಗಿಡಕ್ಕೆ ಸಿಗಬಹುದಾದ ಸತು ಎಷ್ಟು ಅಂತ ಅಳೆದರೆ, ಎಷ್ಟೋ ಹೊಲಗಳಲ್ಲಿ ಅರ್ಧ ಮಿಲಿಗ್ರಾಂ ಕೂಡ ಸಿಗುವುದಿಲ್ಲ. 0.5 ಅಥವಾ 0.6ಕ್ಕಿಂತ ಕಡಿಮೆ ಬಂದರೆ ಕೊರತೆ ಅಂತ ಲೆಕ್ಕ. ಉಳಿದದ್ದೆಲ್ಲ ಜೇಡಿಗೆ, ಕಬ್ಬಿಣದ ಆಕ್ಸೈಡ್‌ಗೆ, ಸುಣ್ಣಕ್ಕೆ ಕಚ್ಚಿಕೊಂಡು ಕೂತಿರುತ್ತದೆ. ಇಲ್ಲಿ ಪಿಎಚ್‌ನ, ಅಂದರೆ ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆಯ ಪಾತ್ರ ಬಹಳ ದೊಡ್ಡದು. ಪಿಎಚ್ ಒಂದು ಅಂಕಿ ಏರಿದರೆ ನೀರಿನಲ್ಲಿ ಕರಗಿರುವ ಸತು ಹತ್ತಾರು ಪಟ್ಟು ಇಳಿಯುತ್ತದೆ. ಸಿದ್ಧಾಂತದ ಲೆಕ್ಕದಲ್ಲಿ 100 ಪಟ್ಟು. ಸುಣ್ಣದ ಮಣ್ಣಿನಲ್ಲಿ ಪೈರು ಯಾಕೆ ಒದ್ದಾಡುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ಕರಗಿರುವ ಆ ಚೂರು ಸತುವೂ ಬೇರಿನ ಹತ್ತಿರ ತಾನಾಗಿ ಹರಿದು ಬರುವುದಿಲ್ಲ. ನೈಟ್ರೇಟ್ ಆದರೆ ಗಿಡ ನೀರು ಎಳೆದಾಗ ನೀರಿನ ಜೊತೆಗೇ ಬಂದುಬಿಡುತ್ತದೆ. ಸತು ಹಾಗಲ್ಲ. ಬೇರಿನ ಸುತ್ತಲಿನ ತೆಳ್ಳನೆಯ ಪದರದಲ್ಲಿ ಇರುವುದು ಖಾಲಿಯಾದ ಮೇಲೆ, ಆಚೆ ಇರುವುದು ನಿಧಾನಕ್ಕೆ ತೆವಳಿಕೊಂಡು ಬರಬೇಕು. ಹಾಗಾಗಿ ಸತು ಬೇಕಾದರೆ ಬೇರು ತಾನೇ ಹುಡುಕಿಕೊಂಡು ಹೋಗಬೇಕು. ಬೇರುಕೂದಲು ಇರುವುದೇ ಇದಕ್ಕೆ. ಸೂಕ್ಷ್ಮದರ್ಶಕದ ಕೆಳಗೆ ಬಾರ್ಲಿಯ ಬೇರುಕೂದಲು ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಕಣ್ಣು ತೆಗೆದಿರಲಿಲ್ಲ. ಒಂದೊಂದು ಕೂದಲೂ ಒಂದೇ ಜೀವಕೋಶ. ಉದ್ದ ಸುಮಾರು ಒಂದು ಮಿಲಿಮೀಟರ್, ಎಷ್ಟೋ ಸಲ ಅದಕ್ಕೂ ಕಡಿಮೆ. ಆ ಒಂದು ಮಿಲಿಮೀಟರ್‌ನಿಂದಲೇ ಗಿಡದ ಬೇಟೆಯ ಜಾಗ ಎಷ್ಟೋ ಪಟ್ಟು ಹಿಗ್ಗುತ್ತದೆ. ಬೇರಿನ ಜೊತೆ ಬದುಕುವ ಮೈಕೋರೈಜಾ ಶಿಲೀಂಧ್ರದ ಎಳೆಗಳು ಇನ್ನೂ ಆಚೆಗೆ ಹೋಗಿ ಸತು ತಂದುಕೊಡುತ್ತವೆ. ರಂಜಕದ ಗೊಬ್ಬರ ಜಾಸ್ತಿಯಾದರೆ ಈ ನಂಟು ಸಡಿಲವಾಗುತ್ತದೆ.

ಭತ್ತದ ಕಥೆಯೇ ಬೇರೆ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ಇರುವುದಿಲ್ಲ. ಸತು ಗಂಧಕದ ಜೊತೆ, ಕಾರ್ಬೊನೇಟ್ ಜೊತೆ ಸೇರಿ ಗಟ್ಟಿಯಾಗುತ್ತದೆ. ಮಣ್ಣಿನ ನೀರಿನಲ್ಲಿ ಬೈಕಾರ್ಬೊನೇಟ್ ಏರುತ್ತದೆ. ಅದು ಕೆಲವು ತಳಿಗಳ ಬೇರನ್ನು ಬೆಳೆಯಲು ಬಿಡುವುದೇ ಇಲ್ಲ. ನಾಟಿ ಆದ ಎರಡರಿಂದ ನಾಲ್ಕು ವಾರದಲ್ಲಿ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಇದನ್ನು ರೋಗ ಅಂತಲೇ ಜನ ತಿಳಿದಿದ್ದರು. ಖೈರಾ ಅಂತ ಹೆಸರೂ ಇತ್ತು. ಇದಕ್ಕೆ ಕಾರಣ ರೋಗಾಣು ಅಲ್ಲ, ಸತುವಿನ ಕೊರತೆ ಅಂತ 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಿಂದ ತೋರಿಸಿಕೊಟ್ಟವರು ವೈ.ಎಲ್. ನೆನೆ. ಅವರು ಸಸ್ಯರೋಗ ತಜ್ಞರು. ರೋಗ ಹುಡುಕುವುದೇ ಕಸುಬಾಗಿದ್ದವರು ಇದು ರೋಗವಲ್ಲ ಅಂತ ಕಂಡುಕೊಂಡರಲ್ಲ, ಅದು ನನಗೆ ತುಂಬ ಮೆಚ್ಚಿಗೆಯಾದ ವಿಷಯ.

ಭತ್ತದ ಬೇರೂ ಸುಮ್ನೆ ಕೂರುವುದಿಲ್ಲ. ಎಲೆಯಿಂದ ಗಾಳಿಯ ಕೊಳವೆಗಳ ಮೂಲಕ ಆಮ್ಲಜನಕ ಇಳಿದು ಬರುತ್ತದೆ. ಅದರಲ್ಲಿ ಸ್ವಲ್ಪ ಬೇರಿನಿಂದ ಮಣ್ಣಿಗೆ ಸೋರುತ್ತದೆ. ಅಲ್ಲಿ ಕರಗಿದ್ದ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ತುಕ್ಕಾಗುತ್ತದೆ. ಆಗ ಧನ ಅಂಶ ಹೊತ್ತ ಪ್ರೋಟಾನು ಬಿಡುಗಡೆಯಾಗಿ ಬೇರಿನ ಪಕ್ಕದ ಮಣ್ಣು ಸ್ವಲ್ಪ ಹುಳಿಯಾಗುತ್ತದೆ. ಹುಳಿಯಾದ ಕಡೆ ಸತು ಬಿಟ್ಟುಕೊಳ್ಳುತ್ತದೆ. ಬೇರಿನ ಮೇಲೆ ಕಾಣುವ ಆ ಕೆಂಪು ಲೇಪ ಇದೇ ತುಕ್ಕು.

ಇನ್ನು ಬಾಗಿಲಿಗೆ ಬರೋಣ. ಗೋಡೆಯ ಒಳಬದಿಗೆ ಜೀವಕೋಶದ ಪೊರೆ ಇದೆ. ಕೊಬ್ಬಿನ ಎರಡು ಪದರದ ಆ ಪೊರೆಯನ್ನು ಸತುವಿನ ಅಯಾನು ತಾನಾಗಿ ದಾಟಲಾರದು. ದಾಟಿಸಲು ಪ್ರೋಟೀನು ಬೇಕು. ಆ ಪ್ರೋಟೀನುಗಳ ಮುಖ್ಯ ಕುಟುಂಬಕ್ಕೆ ಝಿಪ್ ಅಂತ ಹೆಸರು. ಇವುಗಳನ್ನು ಹಿಡಿದ ಬಗೆ ನನಗೆ ಬಹಳ ಇಷ್ಟ. ಯೀಸ್ಟ್‌ನಲ್ಲಿ ಸತು ಒಳತರುವ ಎರಡು ಜೀನ್‌ಗಳನ್ನು ಕೆಡಿಸಿದರು. ಆ ಯೀಸ್ಟ್ ಸತು ಕಡಿಮೆ ಇರುವ ಕಡೆ ಬೆಳೆಯಲಿಲ್ಲ. ಆಮೇಲೆ ಅರಾಬಿಡಾಪ್ಸಿಸ್ ಅನ್ನುವ ಸಣ್ಣ ಗಿಡದ ಜೀನ್‌ಗಳನ್ನು ಅದಕ್ಕೆ ಕೊಟ್ಟು ನೋಡಿದರು. ಯಾವ ಜೀನ್ ಸಿಕ್ಕಿದಾಗ ಯೀಸ್ಟ್ ಮತ್ತೆ ಬೆಳೆಯಿತೋ, ಆ ಜೀನ್ ಸತುವಿನ ಬಾಗಿಲು. ಅದು 1998ರ ಕೆಲಸ. ಒಂದು ಗಿಡದ ಗುಟ್ಟನ್ನು ಹಸಿದ ಯೀಸ್ಟ್ ಬಾಯಿಂದ ಹೇಳಿಸಿದ ಹಾಗೆ.

ಭತ್ತದಲ್ಲಿ ಮಣ್ಣಿನಿಂದ ಸತು ಒಳತರುವ ಮುಖ್ಯ ಬಾಗಿಲು ಝಿಪ್9 ಅಂತ 2020ರ ಹೊತ್ತಿಗೆ ಸ್ಪಷ್ಟವಾಯಿತು. ಝಿಪ್5 ಅದರ ಜೊತೆಗಾರ. ಎರಡನ್ನೂ ಕೆಡಿಸಿದರೆ ಗಿಡದ ಬೆಳವಣಿಗೆ ಹೆಚ್ಚೂಕಮ್ಮಿ ನಿಂತೇಹೋಗುತ್ತದೆ. ಈ ಬಾಗಿಲುಗಳಿಗೆ ಎಳೆತ ಕೊಡುವುದು ವಿದ್ಯುತ್ತು. ಜೀವಕೋಶ ಪ್ರೋಟಾನುಗಳನ್ನು ಹೊರಗೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಒಳಗಡೆ ಹೊರಗಿಗಿಂತ ನೂರಕ್ಕೂ ಹೆಚ್ಚು ಮಿಲಿವೋಲ್ಟ್ ಋಣ. ಎರಡು ಧನ ಅಂಶ ಹೊತ್ತ ಸತುವಿಗೆ ಅದು ಜೋರಾದ ಸೆಳೆತ. ಬಾಗಿಲು ತೆರೆದರೆ ಸಾಕು, ಬಂದುಬಿಡುತ್ತದೆ.

ಬಾಗಿಲು ಎಷ್ಟು ಇಡಬೇಕು ಅಂತ ಯಾರು ತೀರ್ಮಾನ ಮಾಡುತ್ತಾರೆ? ಅರಾಬಿಡಾಪ್ಸಿಸ್‌ನಲ್ಲಿ ಬಿಝಿಪ್19, ಬಿಝಿಪ್23 ಅನ್ನುವ ಎರಡು ಪ್ರೋಟೀನುಗಳಿವೆ. (ಹೆಸರು ಹತ್ತಿರ ಇದ್ದರೂ ಝಿಪ್‌ಗೂ ಇವಕ್ಕೂ ನಂಟಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ.) ಸತು ಸಾಕಷ್ಟು ಇದ್ದಾಗ ಅದು ಈ ಪ್ರೋಟೀನುಗಳಿಗೇ ಅಂಟಿಕೊಂಡು ಅವುಗಳ ಬಾಯಿ ಮುಚ್ಚಿಸುತ್ತದೆ. ಸತು ಕಡಿಮೆಯಾದಾಗ ಅವು ಬಿಡುಗಡೆಯಾಗಿ ಝಿಪ್ ಜೀನ್‌ಗಳನ್ನು ಎಬ್ಬಿಸುತ್ತವೆ. ಇವು 2010ರಲ್ಲಿ ಸಿಕ್ಕವು. ಸತು ನೇರವಾಗಿ ಇವಕ್ಕೇ ಅಂಟುತ್ತದೆ ಅಂತ ತೋರಿಸಿದ್ದು 2021ರಲ್ಲಿ. ಭತ್ತ, ಗೋಧಿ, ಬಾರ್ಲಿಯಲ್ಲೂ ಇದೇ ಮನೆತನದ ಪ್ರೋಟೀನುಗಳಿವೆ.

ನಾನು ಇದನ್ನು ನನ್ನ ಗೋಧಿಯಲ್ಲಿ ನೋಡಲು ಹೊರಟಾಗ ಇನ್ನೊಂದು ಪಾಠ ಕಾದಿತ್ತು. ಸತುವೇ ಹಾಕದ ದ್ರಾವಣದಲ್ಲಿ ಸಸಿಗಳನ್ನು ಇಟ್ಟೆ. ಹತ್ತು ದಿನ ಆಯಿತು, ಹದಿನೈದು ದಿನ ಆಯಿತು. ಸಸಿಗಳು ಹಸಿರಾಗಿ ನಳನಳಿಸುತ್ತಿದ್ದವು. ಕೊರತೆಯ ಸುಳಿವೇ ಇಲ್ಲ. ಎಲ್ಲಿಂದ ಬರುತ್ತಿದೆ ಸತು? ಹುಡುಕಿದೆವು. ಸಸಿ ಹಿಡಿದಿಡಲು ಬಳಸಿದ್ದ ರಬ್ಬರ್ ಬಿರಡೆಗಳಿಂದ ಬರುತ್ತಿತ್ತು. ರಬ್ಬರ್ ಹದ ಮಾಡುವಾಗ ಸತುವಿನ ಆಕ್ಸೈಡ್ ಹಾಕುತ್ತಾರೆ. ಅದು ದ್ರಾವಣಕ್ಕೆ ಸಣ್ಣಗೆ ಇಳಿಯುತ್ತಿತ್ತು. ಗಿಡಕ್ಕೆ ಬೇಕಾಗುವುದೇ ಅಷ್ಟು ಕಡಿಮೆ. ಬಿರಡೆ ತೆಗೆದು ಸ್ಪಂಜು ಹಾಕಿದೆವು, ಗಾಜಿನ ಪಾತ್ರೆಗಳನ್ನೆಲ್ಲ ಆಮ್ಲದಲ್ಲಿ ನೆನೆಸಿದೆವು. ಆಗಲೂ ಸಸಿ ಮೊದಲ ದಿನಗಳನ್ನು ಬೀಜದಲ್ಲೇ ಇದ್ದ ಸತುವಿನಿಂದ ಕಳೆಯಿತು. ಅದು ಮುಗಿದ ಮೇಲೆ ಎಲೆಯ ನಡುವೆ ಬಿಳಿಚಿಕೊಂಡ ಪಟ್ಟೆ ಕಂಡಿತು.

ಈ ಕಷ್ಟ ಅನುಭವಿಸಿದ ಮೇಲೆ 1926ರಲ್ಲಿ ಸಾಮರ್ ಮತ್ತು ಲಿಪ್‌ಮನ್ ಮಾಡಿದ ಕೆಲಸ ಎಂಥದ್ದು ಅಂತ ನನಗೆ ಅರ್ಥವಾಯಿತು. ಬಾರ್ಲಿ, ಸೂರ್ಯಕಾಂತಿಯಂಥ ಗಿಡಗಳಿಗೆ ಸತು ಇಲ್ಲದೆ ಆಗುವುದೇ ಇಲ್ಲ ಅಂತ ತೋರಿಸಿದವರು ಅವರು. ಈಗಿನ ಯಾವ ಶುದ್ಧ ರಾಸಾಯನಿಕವೂ ಇಲ್ಲದ ಕಾಲದಲ್ಲಿ, ಸತುವೇ ಇಲ್ಲದ ನೀರನ್ನು ಅವರು ಹೇಗೆ ಮಾಡಿಕೊಂಡಿರಬೇಕು!

ಹುಲ್ಲಿನ ಜಾತಿಯ ಗಿಡಗಳಿಗೆ ಇನ್ನೊಂದು ಉಪಾಯ ಗೊತ್ತು. ಭತ್ತ, ಗೋಧಿ, ಬಾರ್ಲಿ, ಜೋಳ ಎಲ್ಲವೂ ಈ ಕುಟುಂಬದವೇ. ಇವುಗಳ ಬೇರು ಮಣ್ಣಿಗೆ ಒಂದು ಬಗೆಯ ಆಮ್ಲ ಸುರಿಸುತ್ತದೆ. ಅದು ಲೋಹವನ್ನು ಸುತ್ತ ತಬ್ಬಿ ಹಿಡಿಯುತ್ತದೆ. ಆಮೇಲೆ ಲೋಹದ ಸಮೇತ ಅದನ್ನೇ ಬೇರು ಒಳಗೆ ಕರೆದುಕೊಳ್ಳುತ್ತದೆ. 1976ರಲ್ಲಿ ಜಪಾನಿನ ತಕಾಗಿ ಓಟ್ಸ್ ಮತ್ತು ಭತ್ತದ ಬೇರು ತೊಳೆದ ನೀರಿನಲ್ಲಿ ಇಂಥ ವಸ್ತುಗಳಿವೆ ಅಂತ ಹೇಳಿದರು. ಮುಗಿನಿಕ್ ಆಮ್ಲ ಅನ್ನುವ ಹೆಸರು ಬಂದದ್ದು ಬಾರ್ಲಿ-ಗೋಧಿಗೆ ಜಪಾನಿ ಭಾಷೆಯಲ್ಲಿರುವ ಮುಗಿ ಅನ್ನುವ ಮಾತಿನಿಂದ. ಇದು ಮುಖ್ಯವಾಗಿ ಕಬ್ಬಿಣ ತರುವ ಉಪಾಯ. ಸತುವನ್ನೂ ಹಿಡಿಯಬಲ್ಲದು.

ಈ ಆಮ್ಲ ಸಂಗ್ರಹಿಸಲು ನಾನು ಒಂದು ತಿಂಗಳು ಬೆಳಗಿನ ಜಾವ ಎದ್ದಿದ್ದೇನೆ. ಬೇರು ಇದನ್ನು ಇಡೀ ದಿನ ಸುರಿಸುವುದಿಲ್ಲ. ಬೆಳಕು ಬಿದ್ದು ಎರಡು ಮೂರು ಗಂಟೆಗೆ ಶುರುವಾಗಿ, ಕೆಲವು ಗಂಟೆಯಲ್ಲಿ ಮುಗಿಯುತ್ತದೆ. ಆ ಹೊತ್ತು ತಪ್ಪಿದರೆ ದಿನವೇ ಹೋಯಿತು. ರಾತ್ರಿಯಿಡೀ ಒಳಗೆ ಕೂಡಿಟ್ಟು, ಬೆಳಿಗ್ಗೆ ಒಂದೇ ಸಲಕ್ಕೆ ಬಿಡುತ್ತದೆ. ಒಂದೇ ಹೊತ್ತಿನಲ್ಲಿ ಜಾಸ್ತಿ ಬಿಟ್ಟರೆ ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುವ ಮೊದಲು ಸ್ವಲ್ಪವಾದರೂ ಕೆಲಸಕ್ಕೆ ಬರುತ್ತದೆ ಅನ್ನುವುದು ಒಂದು ವಿವರಣೆ.

ಸತುವಿನ ಕೊರತೆಯಾದಾಗ ಬೇರು ಈ ಆಮ್ಲವನ್ನು ಜಾಸ್ತಿ ಬಿಡುತ್ತದೆಯಾ ಅನ್ನುವ ಬಗ್ಗೆ ಜಗಳವೇ ಇದೆ. ಗೋಧಿ, ಬಾರ್ಲಿಯಲ್ಲಿ ಕೆಲವರು ಬಿಡುತ್ತದೆ ಅಂದರು. ಕೆಲವರಿಗೆ ಹಾಗೆ ಕಾಣಲಿಲ್ಲ. ಭತ್ತದಲ್ಲಿ ಇನ್ನೊಂದು ಸ್ವಾರಸ್ಯ ಕಂಡಿತು. ಆಮ್ಲದ ಜೊತೆ ಸೇರಿದ ಸತು ಬೇರಿನಿಂದ ಒಳಬರುವುದಕ್ಕಿಂತ, ಒಳಗೆ ಬಂದ ಮೇಲೆ ಗಿಡದ ಮೇಲ್ಭಾಗಕ್ಕೆ ಸಾಗುವಾಗ ಅದರ ಉಪಯೋಗ ಹೆಚ್ಚು. ನನ್ನ ಅನಿಸಿಕೆ ಹೇಳುವುದಾದರೆ, ಈ ಆಮ್ಲಕ್ಕೆ ಸತುವಿನ ವಿಷಯದಲ್ಲಿ ನಾವು ಕೊಟ್ಟ ಮರ್ಯಾದೆ ಸ್ವಲ್ಪ ಜಾಸ್ತಿಯಾಯಿತು. ಕಬ್ಬಿಣದ ಕಥೆ ಅಷ್ಟು ಚೆನ್ನಾಗಿದ್ದುದರಿಂದ ಸತುವಿಗೂ ಅದನ್ನೇ ಹೊಂದಿಸಿಬಿಟ್ಟೆವು.

ಪೊರೆ ದಾಟಿತು. ಈಗಲಾದರೂ ಒಳಗೆ ಬಂತಾ?

ಜೀವಕೋಶದ ಒಳಗೆ ಬಂತು, ನಿಜ. ಆದರೆ ಒಳಗೆ ಸತುವನ್ನು ಒಂಟಿಯಾಗಿ ಓಡಾಡಲು ಯಾರೂ ಬಿಡುವುದಿಲ್ಲ. ಒಂಟಿ ಸತು ಸಿಕ್ಕ ಸಿಕ್ಕ ಪ್ರೋಟೀನಿಗೆ ಅಂಟಿ ಕೆಲಸ ಕೆಡಿಸುತ್ತದೆ. ಬೇರೆ ಲೋಹಕ್ಕೆ ಮೀಸಲಾದ ಜಾಗದಲ್ಲಿ ಹೋಗಿ ಕೂರುತ್ತದೆ. ಅದಕ್ಕೇ ಬಂದ ಕೂಡಲೇ ಅದರ ಕೈ ಹಿಡಿಯಲು ನಿಕೋಟಿಯಾನಮೈನ್ ಅನ್ನುವ ಸಣ್ಣ ಅಣು ಇದೆ. ಹುಲ್ಲಿನ ಗಿಡಗಳು ಮುಗಿನಿಕ್ ಜಾತಿಯ ಆಮ್ಲ ಮಾಡುವುದೂ ಇದರಿಂದಲೇ. ಇದರ ಜೊತೆಯಲ್ಲಿ ಸತು ಒಂದು ಜೀವಕೋಶದಿಂದ ಪಕ್ಕದ ಜೀವಕೋಶಕ್ಕೆ, ನಡುವಿನ ಸಣ್ಣ ಕಿಂಡಿಗಳ ಮೂಲಕ ಬೇರಿನ ನಡುಭಾಗದ ಕಡೆಗೆ ಸಾಗುತ್ತದೆ.

ಗೋಡೆಗಳ ಸಂದಿಯಲ್ಲೇ ನುಸುಳಿ ನಡುವಿನವರೆಗೂ ಬರಬಹುದಲ್ಲ ಅಂತ ಕೇಳಬಹುದು. ನಾನೂ ಕೇಳಿದ್ದೆ. ಅದಕ್ಕೆ ತಡೆ ಇದೆ. ಬೇರಿನ ನಾಳಗಳ ಸುತ್ತ ಎಂಡೋಡರ್ಮಿಸ್ ಅಂತ ಒಂದು ಸುತ್ತು ಜೀವಕೋಶಗಳಿವೆ. ಆ ಜೀವಕೋಶಗಳ ನಡುವಿನ ಗೋಡೆಯಲ್ಲಿ ಲಿಗ್ನಿನ್ ತುಂಬಿ ಸಂದಿ ಮುಚ್ಚಿರುತ್ತದೆ. 1865ರಲ್ಲಿ ಜರ್ಮನಿಯ ರಾಬರ್ಟ್ ಕ್ಯಾಸ್ಪರಿ ಇದನ್ನು ವಿವರಿಸಿದರು, ಅದಕ್ಕೇ ಕ್ಯಾಸ್ಪೇರಿಯನ್ ಪಟ್ಟಿ ಅನ್ನುತ್ತೇವೆ. ಇಲ್ಲಿಗೆ ಬಂದ ಮೇಲೆ ಕಳ್ಳದಾರಿ ಮುಗಿಯಿತು. ಯಾವುದಾದರೂ ಜೀವಕೋಶದ ಪೊರೆಯನ್ನು ದಾಟಲೇಬೇಕು. ಭತ್ತದ ಬೇರಿನಲ್ಲಿ ಇಂಥ ತಡೆ ಎರಡು. ಹೊರಗೆ ಎಕ್ಸೋಡರ್ಮಿಸ್, ಒಳಗೆ ಎಂಡೋಡರ್ಮಿಸ್. ನಡುವಿನ ಜೀವಕೋಶಗಳು ಎಷ್ಟೋ ಸತ್ತು ಗಾಳಿಯ ಪೊಳ್ಳಾಗಿರುತ್ತವೆ. ಝಿಪ್9 ಇರುವುದು ಸರಿಯಾಗಿ ಈ ಎರಡು ಸುತ್ತುಗಳಲ್ಲೇ. ಗಿಡ ಬಾಗಿಲನ್ನು ಎಲ್ಲಿ ಇಡಬೇಕೋ ಅಲ್ಲೇ ಇಟ್ಟಿದೆ.

ದಾರಿಯಲ್ಲಿ ಒಂದು ಉಗ್ರಾಣವೂ ಇದೆ. ಬೇರಿನ ಜೀವಕೋಶದ ನಡುವೆ ವ್ಯಾಕ್ಯೂಲ್ ಅನ್ನುವ ದೊಡ್ಡ ಚೀಲ ಇರುತ್ತದೆ. ಸತು ಜಾಸ್ತಿ ಬಂದಾಗ ಎಂಟಿಪಿ1, ಎಚ್‌ಎಂಎ3 ಅನ್ನುವ ಪ್ರೋಟೀನುಗಳು ಅದನ್ನು ಆ ಚೀಲಕ್ಕೆ ತಳ್ಳುತ್ತವೆ. ಬೇರು ಅಳೆದರೆ ಸತು ಸಿಗುತ್ತದೆ. ಗೋಡೆಗೆ ಅಂಟಿದ್ದಲ್ಲ, ನಿಜವಾಗಿ ಜೀವಕೋಶದ ಒಳಗೇ ಇದೆ. ಆದರೆ ಎಲೆಯ ಪಾಲಿಗೆ ಅದು ಇನ್ನೂ ಬಂದಿಲ್ಲ. ಬೇರು ತುಂಬಿದ್ದು ಎಲೆ ಹಸಿದಿರುವುದು ಹೀಗೆ.

ಮೇಲೆ ಹೋಗಬೇಕಾದ ಸತು, ಬೇರಿನಿಂದ ನೀರು ಮೇಲೇರುವ ಜೈಲಂ ನಾಳ ಸೇರಬೇಕು. ಜೈಲಂನ ಜೀವಕೋಶಗಳು ಸತ್ತವು. ಬರೀ ಕೊಳವೆ. ಅಂದರೆ ಸತು ಇಲ್ಲಿ ಜೀವ ಇರುವ ಜೀವಕೋಶದಿಂದ ಹೊರಗೆ ಬೀಳಬೇಕು. ಒಳಗೆ ಬರಲು ಇದ್ದ ವಿದ್ಯುತ್ತಿನ ಸೆಳೆತ ಈಗ ಉಲ್ಟಾ ಆಗುತ್ತದೆ. ಹಾಗಾಗಿ ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ತಳ್ಳುವ ಪಂಪು ಬೇಕು. ಎಚ್‌ಎಂಎ2 ಅದು. ಬೇರಿನ ನಡುಭಾಗದ ಪೆರಿಸೈಕಲ್ ಅನ್ನುವ ಸುತ್ತಿನಲ್ಲಿದೆ. ಭತ್ತದಲ್ಲಿ ಇದನ್ನು ಕೆಡಿಸಿದಾಗ ಎಲೆಗೆ ಹೋಗುವ ಸತು ಇಳಿಯಿತು. ಇದೇ ಪಂಪು ಕ್ಯಾಡ್ಮಿಯಂ ಅನ್ನುವ ವಿಷಲೋಹವನ್ನೂ ತಳ್ಳುತ್ತದೆ. ಸತುವಿಗೆ ದಾರಿ ಅಗಲ ಮಾಡಲು ಹೊರಟವರು ಇದನ್ನು ಒಂದು ಕ್ಷಣವೂ ಮರೆಯಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಜೈಲಂ ಸೇರಿದ ಸತು ಸ್ವಲ್ಪ ಒಂಟಿಯಾಗಿ, ಸ್ವಲ್ಪ ಸಿಟ್ರೇಟ್‌ನಂಥ ಆಮ್ಲಗಳ ಜೊತೆ, ಸ್ವಲ್ಪ ನಿಕೋಟಿಯಾನಮೈನ್ ಜೊತೆ ನೀರಿನ ಹರಿವಿನಲ್ಲಿ ಏರುತ್ತದೆ. ನೀರು ಹೋದ ಕಡೆಯೆಲ್ಲ ಹೋದರೆ ಅದು ನೀರು ಜಾಸ್ತಿ ಆವಿಯಾಗುವ ದೊಡ್ಡ ಎಲೆಗಳಿಗೇ ಸೇರಬೇಕಿತ್ತು. ಬೆಳೆಯುವ ಕುಡಿಗೆ, ತೆನೆಗೆ ಸಿಗುತ್ತಿರಲಿಲ್ಲ. ಇದನ್ನು ತಿದ್ದುವುದು ಗೆಣ್ಣು. ಭತ್ತದ ಕಾಂಡದ ಗೆಣ್ಣನ್ನು ಅಡ್ಡ ಕೊಯ್ದು ನೋಡಿದರೆ ದೊಡ್ಡ ನಾಳಗಳ ಸುತ್ತ ಸಣ್ಣ ನಾಳಗಳ ಒಂದು ಬಳೆಯೇ ಕಾಣುತ್ತದೆ. ದೊಡ್ಡವು ಎಲೆಗೆ ಹೋಗುತ್ತವೆ. ಸಣ್ಣವು ಮೇಲಿನ ಗೆಣ್ಣಿಗೆ, ಕುಡಿಗೆ, ತೆನೆಗೆ. ಝಿಪ್3 ದೊಡ್ಡ ನಾಳದಿಂದ ಸತುವನ್ನು ಇಳಿಸಿಕೊಳ್ಳುತ್ತದೆ. ಝಿಪ್4, ಎಚ್‌ಎಂಎ2 ಅದನ್ನು ಫ್ಲೋಯಂ, ಅಂದರೆ ಸಕ್ಕರೆ ಸಾಗಿಸುವ ನಾಳದ ಕಡೆಗೆ ಹತ್ತಿಸುತ್ತವೆ. ರೈಲು ಬದಲಾಯಿಸುವ ಜಂಕ್ಷನ್ ಇದ್ದ ಹಾಗೆ. ನಾವು ಬಾಲ್ಯದಿಂದ ಗೆಣ್ಣು ಅಂದರೆ ಕಾಂಡದ ಗಂಟು ಅಷ್ಟೇ ಅಂದುಕೊಂಡಿದ್ದೆವು. ಗಿಡದಲ್ಲಿ ಲೋಹ ಹಂಚುವ ಮುಖ್ಯ ಜಾಗ ಅದೇ ಅಂತ ತಿಳಿದ ದಿನದಿಂದ ನಾನು ಯಾವ ಹುಲ್ಲಿನ ಗೆಣ್ಣನ್ನೂ ಮುಟ್ಟಿ ನೋಡದೆ ಬಿಟ್ಟಿಲ್ಲ.

ಕಾಳಿಗೆ ಬಂದರೆ ಮತ್ತೆ ಒಂದು ತಡೆ. ಗೋಧಿ ಕಾಳಿನ ಬುಡದಲ್ಲಿ ಜೈಲಂ ತುಂಡಾಗಿದೆ. ಕೊಳವೆ ಅಲ್ಲಿ ಮುಂದುವರಿಯುವುದಿಲ್ಲ. ಸತು ಜೀವ ಇರುವ ಜೀವಕೋಶಗಳ ಕೈಗೆ ಬಂದು, ಫ್ಲೋಯಂ ಮೂಲಕ ಹೋಗಿ, ತಾಯಿಗಿಡದ ಅಂಗಾಂಶ ಬಿಟ್ಟು, ಮರಿಯ ಅಂಗಾಂಶ ಸೇರಬೇಕು. ಡೈಥೈಜೋನ್ ಅನ್ನುವ ಬಣ್ಣ ಸತುವಿಗೆ ತಾಗಿದರೆ ಕೆಂಪಾಗುತ್ತದೆ. ಗೋಧಿ ಕಾಳನ್ನು ಉದ್ದಕ್ಕೆ ಸೀಳಿ ಅದರಲ್ಲಿ ಅದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಮೊಳಕೆಯ ಭಾಗ ಕಡು ಕೆಂಪಾಗುತ್ತದೆ, ಸಿಪ್ಪೆಯ ಒಳಪದರ ಕೆಂಪು ಗೆರೆಯಾಗಿ ಮೂಡುತ್ತದೆ. ನಡುವಿನ ಹಿಟ್ಟಿನ ಭಾಗ ಬೆಳ್ಳಗೇ ಉಳಿಯುತ್ತದೆ. ಅಳೆದು ನೋಡಿದವರಿಗೆ ಸಿಕ್ಕ ಲೆಕ್ಕ: ಮೊಳಕೆ ಮತ್ತು ಆ ಪದರದಲ್ಲಿ ಕಿಲೋಗೆ ಸುಮಾರು 150 ಮಿಲಿಗ್ರಾಂ, ಹಿಟ್ಟಿನಲ್ಲಿ ಸುಮಾರು 15. ತೌಡು ತೆಗೆದಾಗ ಹೋಗುವುದು ಯಾವ ಭಾಗ ಅಂತ ಆ ಕೆಂಪು ಗೆರೆ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ನಾನು ಮೊದಲ ಸಲ ಈ ಪರೀಕ್ಷೆ ಮಾಡಿದಾಗ ಸೀಳಿದ ಆ ಕಾಳನ್ನು ಎಸೆಯಲು ಮನಸ್ಸಾಗದೆ ವಾರಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ನನ್ನ ಎರಡು ತಳಿಗಳ ವಿಷಯ ಬಾಕಿ ಇದೆ.

ಪ್ರಯೋಗವನ್ನು ಮೊದಲಿಂದ ಮಾಡಿದೆ. ಈ ಸಲ ಮಂಜಿನ ಡಬ್ಬಿ ಪಕ್ಕದಲ್ಲೇ ಇತ್ತು. ಪ್ರತಿ ಬೇರನ್ನೂ ಪೂರ್ತಿ ಹದಿನೈದು ನಿಮಿಷ ತೊಳೆದೆ. ಕೈ ಮರಗಟ್ಟಿ ಹೋಗುತ್ತಿತ್ತು. ಎರಡು ತಳಿಗಳ ಬೇರೂ ಹೆಚ್ಚೂಕಮ್ಮಿ ಒಂದೇ ವೇಗದಲ್ಲಿ ಸತು ಎಳೆದುಕೊಂಡವು. ಸರಿ, ಹಾಗಾದರೆ ಮೇಲಕ್ಕೆ ಕಳಿಸುವುದರಲ್ಲಿ ವ್ಯತ್ಯಾಸ ಇರಬೇಕು ಅಂದುಕೊಂಡು ಎಲೆ ಅಳೆದೆ. ಅಲ್ಲೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಇಲ್ಲ. ಎಲೆಯ ಸತು ಎರಡರಲ್ಲೂ ಹತ್ತಿರ ಹತ್ತಿರ. ಒಂದು ಎಲೆ ಹಸಿರು, ಇನ್ನೊಂದು ಬಿಳಿಚಿದ್ದು. ಒಳಗೆ ಇರುವ ಸತು ಒಂದೇ.

ಟರ್ಕಿಯ ಮಧ್ಯ ಅನಟೋಲಿಯಾದಲ್ಲಿ 1990ರ ದಶಕದಲ್ಲಿ ಇಸ್ಮಾಯಿಲ್ ಚಕ್ಮಕ್ ಮತ್ತು ಜೊತೆಗಾರರು ನಡೆಸಿದ ಕೆಲಸವನ್ನು ಆಗ ಮತ್ತೆ ಓದಿದೆ. ಅಲ್ಲಿನ ಸುಣ್ಣದ ಮಣ್ಣಿನಲ್ಲಿ ರೈ ಅನ್ನುವ ಧಾನ್ಯದ ಬೆಳೆ ಎಲ್ಲಕ್ಕಿಂತ ಚೆನ್ನಾಗಿ ತಡೆದುಕೊಂಡಿತ್ತು. ಡ್ಯೂರಮ್ ಗೋಧಿ ಎಲ್ಲಕ್ಕಿಂತ ಬೇಗ ಸೊರಗಿತ್ತು. ಗೋಧಿ ತಳಿಗಳ ನಡುವೆ ಹೋಲಿಸಿದಾಗ ಎಲೆಯಲ್ಲಿರುವ ಸತುವಿನ ಪ್ರಮಾಣ ನೋಡಿ ಯಾವುದು ಗಟ್ಟಿ, ಯಾವುದು ಸೊರಗು ಅಂತ ಹೇಳಲು ಆಗುತ್ತಿರಲಿಲ್ಲ. ಗಟ್ಟಿ ತಳಿಗಳಲ್ಲಿ ಸತು ಬೇಕಾಗುವ ಕಿಣ್ವಗಳು ಕೊರತೆಯ ನಡುವೆಯೂ ಕೆಲಸ ಮಾಡುತ್ತಿದ್ದವು ಅಂತ ಆಮೇಲೆ ಬೇರೆ ಪ್ರಯೋಗಗಳಲ್ಲೂ ಕಂಡಿತು. ಕಾರ್ಬೊನಿಕ್ ಅನ್‌ಹೈಡ್ರೇಸ್ ಒಂದು. ತಾಮ್ರ-ಸತು ಸೂಪರ್ ಆಕ್ಸೈಡ್ ಡಿಸ್ಮ್ಯೂಟೇಸ್ ಇನ್ನೊಂದು.

ಮಣ್ಣಿನ ಹಿಡಿತ ಬಿಡಿಸಿ, ಗೋಡೆ ದಾಟಿ, ಪೊರೆ ದಾಟಿ, ಕ್ಯಾಸ್ಪೇರಿಯನ್ ಪಟ್ಟಿ ದಾಟಿ, ಪಂಪಿನಿಂದ ಜೈಲಂಗೆ ಬಿದ್ದು, ಗೆಣ್ಣಿನಲ್ಲಿ ದಾರಿ ಬದಲಿಸಿ ಎಲೆ ಸೇರಿದ ಸತು, ಕಿಣ್ವದ ಒಡಲಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಿದೆಯಾ ಇಲ್ಲವಾ ಅನ್ನುವಲ್ಲಿ ನನ್ನ ಪ್ರಶ್ನೆ ಈಗ ಬಂದು ನಿಂತಿದೆ. ಇದು ಐದನೇ ವರ್ಷ. ಕಳೆದ ವಾರ ಎರಡೂ ತಳಿಯ ಎಲೆಗಳನ್ನು ದ್ರವ ಸಾರಜನಕದಲ್ಲಿ ಅರೆದು ಇಟ್ಟಿದ್ದೇನೆ. ಸಣ್ಣ ಸಣ್ಣ ಕೊಳವೆಗಳಲ್ಲಿ ಹಸಿರು ಪುಡಿ, ಮೈನಸ್ 80 ಡಿಗ್ರಿಯಲ್ಲಿ. ಸೋಮವಾರ ಕಾರ್ಬೊನಿಕ್ ಅನ್‌ಹೈಡ್ರೇಸ್ ಅಳೆಯಲು ಶುರು ಮಾಡುತ್ತೇನೆ.